ಹತ್ತು ಸಲ ಉಜ್ಜಿದ ಉಪ್ಪಿನ ಚಿಪ್ಪು

ಬೆಳಗಿನ ಐದೂಕಾಲು ಗಂಟೆ. ಮೈಸೂರಿನ ಲಷ್ಕರ್ ಮೊಹಲ್ಲಾದ ಆ ಓಣಿಯಲ್ಲಿ ಅಂಗಡಿಗಳ ಷಟರ್‌ಗಳೆಲ್ಲ ಇನ್ನೂ ಕೆಳಗಿವೆ. ಒಂದು ಬಾಗಿಲು ಮಾತ್ರ ಅರ್ಧ ತೆರೆದಿದೆ. ಒಳಗೆ ಪ್ರಭುಸ್ವಾಮಿ ಅಡುಗೆಮನೆಯ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ತೆಂಗಿನ ಚಿಪ್ಪೊಂದರ ಅಂಚನ್ನು ಸ್ಯಾಂಡ್ ಪೇಪರಿನಿಂದ ಉಜ್ಜುತ್ತಿದ್ದಾರೆ. ನಾಲ್ಕು ಸಲ ಉಜ್ಜುತ್ತಾರೆ, ಬಲ್ಬಿನ ಬೆಳಕಿಗೆ ಹಿಡಿದು ನೋಡುತ್ತಾರೆ, ಪುಡಿಯನ್ನು ಊದುತ್ತಾರೆ, ಮತ್ತೆ ಉಜ್ಜುತ್ತಾರೆ. ಹೊರಗೆ ಚಪ್ಪಲಿ ಸದ್ದಾದ ಕೂಡಲೇ ಚಿಪ್ಪನ್ನು ತೊಳೆದು, ಒರೆಸಿ ಉಪ್ಪಿನ ಜಾಡಿಯೊಳಗೆ ಇಡುತ್ತಾರೆ. ಸ್ಯಾಂಡ್ ಪೇಪರ್ ಮಡಚಿಕೊಂಡು ಅಂಗಿಯ ಜೇಬಿಗೆ ಹೋಗುತ್ತದೆ.

ಬಂದವರು ನಾಗಮಣಿ. ಈ ಮೆಸ್ಸಿನಲ್ಲಿ ಒಂಬತ್ತು ವರ್ಷದಿಂದ ಪ್ರಭುಸ್ವಾಮಿಯವರ ಜೊತೆ ಅಡುಗೆ ಮಾಡುತ್ತಿರುವವರು. ಉಪ್ಪಿನ ಜಾಡಿ ಅವರ ಸುಪರ್ದಿನಲ್ಲಿದೆ. ಸಾರಿನ ಪಾತ್ರೆಗೆ ಒಂದು ಚಿಪ್ಪು, ಪಲ್ಯಕ್ಕೆ ಅರ್ಧ ಚಿಪ್ಪು ಎನ್ನುವುದು ಇಲ್ಲಿಯ ಲೆಕ್ಕ. ಇಪ್ಪತ್ತು ತಿಂಗಳಿಂದ ಆ ಲೆಕ್ಕ ಬದಲಾಗಿಲ್ಲ. ಎರಡು ತಿಂಗಳಿಗೊಮ್ಮೆ ಚಿಪ್ಪು ಮಾತ್ರ ಒಂದು ಗೆರೆಯಷ್ಟು ಸಣ್ಣದಾಗುತ್ತಿದೆ. ಇವತ್ತಿನದು ಹತ್ತನೆಯ ಗೆರೆ.

ನಾನು ಇಲ್ಲಿಗೆ ಮೊದಲು ಬಂದದ್ದು ಬರೆಯುವುದಕ್ಕಲ್ಲ, ಹಸಿವಿಗೆ. ಮುದ್ದೆ, ಸೊಪ್ಪಿನ ಸಾರು ಚೆನ್ನಾಗಿತ್ತು. ಅಭ್ಯಾಸಬಲದಿಂದ ಟೇಬಲ್ ಮೇಲೆ ಉಪ್ಪಿನ ಬಟ್ಟಲು ಹುಡುಕಿದೆ, ಕಾಣಲಿಲ್ಲ. ಕೇಳಿದ್ದಕ್ಕೆ ಕೈತೊಳೆಯುವ ಬೇಸಿನ್ ಕಡೆ ಬೆರಳು ತೋರಿಸಿದರು. ಎದ್ದು ಹೋಗಿ ತರುವಷ್ಟು ಬೇಕು ಅನ್ನಿಸದೆ ಕೂತುಬಿಟ್ಟೆ. ನನ್ನ ಜೇಬಿನಲ್ಲೂ ಬಿಪಿ ಮಾತ್ರೆಯ ಪಟ್ಟಿಯೊಂದು ನಾಲ್ಕು ವರ್ಷದಿಂದ ಓಡಾಡುತ್ತಿದೆ. ಹಾಗಾಗಿ ಆ ಬಟ್ಟಲನ್ನು ಯಾರೋ ಬೇಕೆಂದೇ ಅಲ್ಲಿ ಇಟ್ಟಿದ್ದಾರೆ ಎಂಬ ಅನುಮಾನ ಬಂತು. ಪ್ರಭುಸ್ವಾಮಿ ಬಾಯಿಬಿಡಲು ಮೂರು ತಿಂಗಳು ಹಿಡಿಯಿತು. ಬಾಯಿಬಿಟ್ಟ ಮೇಲೂ, "ಬರೀಬೇಡಿ ಸಾರ್. ಈ ಕೆಲಸ ಯಾರಿಗಾದ್ರೂ ಗೊತ್ತಾದ್ರೆ ಕೆಟ್ಟೋಯ್ತದೆ" ಎಂದೇ ಹೇಳುತ್ತಿದ್ದರು. ಬಂದು ನೋಡುವುದಕ್ಕೆ ಮಾತ್ರ ಅಡ್ಡಿ ಮಾಡಲಿಲ್ಲ.

ಐವತ್ತೆರಡು ವರ್ಷದ ಪ್ರಭುಸ್ವಾಮಿ ನಂಜನಗೂಡು ಕಡೆಯ ಹಳ್ಳಿಯವರು. ಹದಿನೆಂಟನೇ ವಯಸ್ಸಿಗೆ ಮೈಸೂರಿಗೆ ಬಂದು, ಮದುವೆ ಅಡುಗೆಯವರ ಕೈಕೆಳಗೆ ತರಕಾರಿ ಹೆಚ್ಚಿ, ಆಮೇಲೆ ಸೌಟು ಹಿಡಿದು, ಹದಿಮೂರು ವರ್ಷದ ಹಿಂದೆ ಈ ಮೆಸ್ ಶುರುಮಾಡಿದರು. ಬೆಳಗಿನ ತಿಂಡಿಗೆ ತೊಂಬತ್ತು ಜನ, ಮಧ್ಯಾಹ್ನದ ಊಟಕ್ಕೆ ನೂರಿಪ್ಪತ್ತು, ಸಂಜೆ ಏಳಕ್ಕೆ ಇನ್ನೊಂದು ಅರವತ್ತು. ಬಟ್ಟೆ ಅಂಗಡಿಗಳ ಸೇಲ್ಸಿನವರು, ಮೂಟೆ ಹೊರುವವರು, ಆಟೋದವರು, ಉದಯಗಿರಿಯಿಂದ ಸ್ಪೇರ್ ಪಾರ್ಟ್ಸ್ ಕೊಳ್ಳಲು ಬರುವ ಮೆಕ್ಯಾನಿಕ್‌ಗಳು ಇಲ್ಲಿ ಉಣ್ಣುತ್ತಾರೆ. ಅರ್ಧಕ್ಕರ್ಧ ದಿನಾ ಬರುವ ಮುಖಗಳೇ. ಇವರಲ್ಲಿ ಅನೇಕರ ಹೊಟ್ಟೆಗೆ ಹೋಗುವುದು ಮನೆಯ ಅಡುಗೆಗಿಂತ ಪ್ರಭುಸ್ವಾಮಿಯವರ ಅಡುಗೆಯೇ ಹೆಚ್ಚು.

ಬಸವರಾಜು ಅಂಥವರಲ್ಲೊಬ್ಬರು. ಇದು ಅವರ ನಿಜವಾದ ಹೆಸರಲ್ಲ. ವಯಸ್ಸು ನಲವತ್ತೊಂಬತ್ತು, ಬಟ್ಟೆ ಗೋದಾಮಿನಲ್ಲಿ ಮೂಟೆ ಇಳಿಸುತ್ತಿದ್ದವರು. ಹೆಂಡತಿ, ಮಗಳು ಹುಣಸೂರಿನ ಹತ್ತಿರ ಇದ್ದಾರೆ. ಇಲ್ಲಿ ಮೂವರ ಜೊತೆ ಒಂದು ರೂಮು, ಅದರಲ್ಲಿ ಒಲೆಯಿಲ್ಲ. ಹದಿಮೂರು ವರ್ಷದಿಂದ ಎರಡು ಹೊತ್ತೂ ಇದೇ ಮೆಸ್ಸಿನ ಊಟ. ಆಗೆಲ್ಲ ಎಲೆಯ ತುದಿಗೆ ಮೊದಲು ಉಪ್ಪು ಬೀಳಬೇಕಿತ್ತು, ಅದೂ ಒಂದು ಚಿಟಿಕೆಯಲ್ಲ, ಗುಡ್ಡೆ. ಉಪ್ಪಿನಕಾಯಿ ಎರಡು ಸಲ, ಕರಿದ ಹಪ್ಪಳ ಮೂರು. ಉಪ್ಸಾರು ಮಾಡಿದ ದಿನ ಲೋಟದಲ್ಲಿ ಹಾಕಿಸಿಕೊಂಡು ಕುಡಿಯುತ್ತಿದ್ದರಂತೆ. ಬಿಪಿ ಇದೆ ಎಂದು ಯಾರೋ ಹೇಳಿದ್ದರೂ, ಕೈಕಾಲು ಗಟ್ಟಿಯಿರುವಾಗ ಮಾತ್ರೆ ಯಾಕೆಂದು ನಿಲ್ಲಿಸಿದ್ದರು.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಊಟ ಮುಗಿಸಿ ಬೇಸಿನ್ ಹತ್ತಿರ ಕೈ ತೊಳೆಯುತ್ತಿದ್ದ ಬಸವರಾಜು ಅಲ್ಲೇ ಕುಸಿದರು. ಬಾಯಿ ಸೊಟ್ಟಗಾಗಿತ್ತು, ಬಲಗೈ ಏಳುತ್ತಿರಲಿಲ್ಲ. ಪ್ರಭುಸ್ವಾಮಿ ಊಟಕ್ಕೆ ಕೂತಿದ್ದ ಆಟೋದವರೊಬ್ಬರನ್ನು ಎಬ್ಬಿಸಿ, ಅರ್ಧ ಗಂಟೆಯೊಳಗೆ ಆಸ್ಪತ್ರೆ ಮುಟ್ಟಿಸಿದರು. ಅಲ್ಲಿ ಅಳೆದಾಗ ಬಿಪಿ ಇನ್ನೂರರ ಮೇಲಿತ್ತು, ಕೊಲೆಸ್ಟ್ರಾಲೂ ಏರಿತ್ತು. ಬೇಗ ಕರೆತಂದದ್ದಕ್ಕೆ ಜೀವ ಉಳಿಯಿತು, ಕೈ ಮುಕ್ಕಾಲು ಪಾಲು ಹಿಂದಕ್ಕೆ ಬಂತು. ಡಿಸ್ಚಾರ್ಜಿನ ದಿನ ಡಾಕ್ಟರು ಕೇಳಿದ ಒಂದು ಪ್ರಶ್ನೆಯನ್ನು ಪ್ರಭುಸ್ವಾಮಿ ಇವತ್ತಿಗೂ ಮರೆತಿಲ್ಲ.

"ಇವರು ಊಟ ಎಲ್ಲಿ ಮಾಡ್ತಾರೆ ಅಂದ್ರು ಸಾರ್. ನಮ್ಮಲ್ಲೇ, ಹನ್ನೊಂದು ವರ್ಸದಿಂದ ಅಂದೆ. ಡಾಕ್ಟ್ರು ನನ್ನ ಬೈಲಿಲ್ಲ. ಉಪ್ಪು, ಎಣ್ಣೆ ಕಮ್ಮಿ ಮಾಡ್ದೆ ಬರೀ ಮಾತ್ರೆ ನುಂಗಿದ್ರೆ ಸಾಲದು, ಇನ್ನೊಂದು ಸಲ ಹಿಂಗಾದ್ರೆ ಇಷ್ಟಕ್ಕೇ ಮುಗಿಯಲ್ಲ ಅಂದ್ರು. ಬೈದಿದ್ರೇ ಚೆನ್ನಾಗಿರ್ತಿತ್ತು."

ಅದೇ ಆಸ್ಪತ್ರೆಯಲ್ಲಿ ಪ್ರಭುಸ್ವಾಮಿ ತಮ್ಮ ಬಿಪಿಯನ್ನೂ ನೋಡಿಸಿಕೊಂಡರು. ನೂರೈವತ್ತೆಂಟು, ತೊಂಬತ್ತೆಂಟು. ತಾವು ಬೇಯಿಸಿದ್ದನ್ನು ತಾವೂ ಉಂಡಿದ್ದರು.

ಮೊದಲು ಅವರು ಎಲ್ಲರೂ ಮಾಡುವುದನ್ನೇ ಮಾಡಿದರು, ಬುದ್ಧಿ ಹೇಳಿದರು. ಬಸವರಾಜು ತಲೆಯಾಡಿಸಿ ಎಡಗೈಯಲ್ಲಿ ಉಪ್ಪು ಹಾಕಿಕೊಂಡರು. ಆಮೇಲೆ ಅವರಿಗೆಂದೇ ಬೇರೆ ಚಿಕ್ಕ ಪಾತ್ರೆಯಲ್ಲಿ ಸಾರು ಮಾಡಿ ಬಡಿಸಿದರು. ಎರಡನೇ ದಿನಕ್ಕೇ ಬಸವರಾಜು ಬಟ್ಟಲು ತಳ್ಳಿ, "ನಾನೇನ್ ರೋಗಿನಾ ಸ್ವಾಮೇರೆ? ಎಲ್ರಿಗೂ ಬಡ್ಸಾದೇ ನಂಗೂ ಬಡ್ಸಿ" ಎಂದರು. ನಾಲ್ಕು ಜನರ ಎದುರು ಒಬ್ಬನ ಎಲೆಗೆ ಮಾತ್ರ ಬೇರೆ ಸಾರು ಬಿದ್ದರೆ ಯಾರಿಗಾದರೂ ಮುಜುಗರವೇ. ಅವರ ಊಟ ಬದಲಾಗಬೇಕಾದರೆ ನೂರಿಪ್ಪತ್ತು ಜನರ ಊಟವೂ ಬದಲಾಗಬೇಕು ಎನ್ನುವುದು ಪ್ರಭುಸ್ವಾಮಿಯವರಿಗೆ ಆಗ ಹೊಳೆಯಿತು.

ಹೊಳೆದದ್ದು ಸರಿ, ಮಾಡಿದ್ದು ತಪ್ಪು. ಒಂದು ಸೋಮವಾರ ಬೆಳಿಗ್ಗೆ ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ, ತಮ್ಮ ಚೆಂದದ ಅಕ್ಷರದಲ್ಲಿ, 'ಇಂದಿನಿಂದ ನಮ್ಮಲ್ಲಿ ಉಪ್ಪು, ಎಣ್ಣೆ ಕಡಿಮೆ. ತಮ್ಮ ಆರೋಗ್ಯಕ್ಕಾಗಿ' ಎಂದು ಬರೆದರು. ಅವತ್ತು ಮಾರ್ಕೆಟ್ಟಿನಿಂದ ತಡವಾಗಿ ಬಂದಿದ್ದರಿಂದ ನಾಗಮಣಿಗೆ ಹೇಳುವುದು ಮರೆತಿತ್ತು. ಸಾರಿಗೆ ಬಿದ್ದದ್ದು ಹಳೆಯ ಚಿಪ್ಪಿನ ತುಂಬು ಉಪ್ಪೇ. ಆದರೂ ಮೊದಲ ಪಂಕ್ತಿಯಲ್ಲೇ ಸಾರು ಸಪ್ಪೆ ಎಂದು ಗೊಣಗಾಟ ಎದ್ದಿತು. ಎರಡನೇ ಪಂಕ್ತಿಯಲ್ಲಿ ಬಟ್ಟಲಿನ ಉಪ್ಪು ಸಾಲದೆ ಯಾರೋ ಅಂಗಡಿಯಿಂದ ಉಪ್ಪಿನ ಪೊಟ್ಟಣ ತಂದು ಟೇಬಲ್ ಮೇಲೆ ಒಡೆದರು. ಮೂವತ್ತು ಎಲೆಗಳಲ್ಲಿ ಸಾರು ಹಾಗೇ ಉಳಿಯಿತು.

"ನಿನ್ನೆ ಹಾಕಿದ್ದಷ್ಟೇ ಹಾಕಿದೀನಿ ಅಂತ ನಾಗಮಣಿ ಬಡ್ಕೊಂಡ್ಳು ಸಾರ್. ಯಾರು ನಂಬ್ತಾರೆ? ಬೋರ್ಡ್ ಮೇಲೆ ನಾನೇ ಬರ್ದಿದೀನಲ್ಲ" ಎಂದು ನಗುತ್ತಾರೆ ಪ್ರಭುಸ್ವಾಮಿ. ಅವತ್ತು ನಕ್ಕಿರಲಿಲ್ಲ. ವಾರದೊಳಗೆ ಹನ್ನೊಂದು ಜನ ಪಕ್ಕದ ರಸ್ತೆಯ ಮೆಸ್ಸಿಗೆ ಹೋದರು, ಅವರಲ್ಲಿ ಬಸವರಾಜುವೂ ಒಬ್ಬರು. ಅಲ್ಲಿ ಉಪ್ಪಿಗೂ ಬರವಿಲ್ಲ, ಬೋಂಡಕ್ಕೂ ಬರವಿಲ್ಲ. ಮಾತ್ರೆ ನುಂಗಿದ್ದಾರೋ ಇಲ್ಲವೋ ಕೇಳುವವರೂ ಇಲ್ಲ. ಒಂಬತ್ತು ದಿನ ಪ್ರಭುಸ್ವಾಮಿಗೆ ಅಡುಗೆಮನೆಯಲ್ಲಿ ಕೈ ಓಡಲಿಲ್ಲ. ಹತ್ತನೇ ದಿನ ಹಲಗೆ ಒರೆಸಿ, ಗೋದಾಮಿಗೇ ಹೋಗಿ, "ಬೋರ್ಡ್ ಅಳಿಸ್ಬುಟ್ಟಿದೀನಿ, ಬಾ ಮಾರಾಯ ಊಟಕ್ಕೆ" ಎಂದು ಕರೆದುಕೊಂಡು ಬಂದರು.

ಮುಂದಿನ ದಾರಿ ತೋರಿಸಿದವರು ವಾರ್ಡಿನ ಆರೋಗ್ಯ ಕೇಂದ್ರದ ನರ್ಸ್ ಕುಸುಮ. ಅವರೂ ಇಲ್ಲಿಂದಲೇ ಆಗಾಗ ಊಟ ತರಿಸಿಕೊಳ್ಳುವವರು. ಉಪ್ಪನ್ನು ಒಮ್ಮೆಲೇ ಇಳಿಸಿದರೆ ನಾಲಿಗೆ ಜಗಳಕ್ಕೆ ನಿಲ್ಲುತ್ತದೆ, ತಿಂಗಳುಗಟ್ಟಲೆ ನಿಧಾನವಾಗಿ ಇಳಿಸಿದರೆ ಅದಕ್ಕೆ ತಿಳಿಯುವುದೇ ಇಲ್ಲ ಎಂದು ಅವರು ಹೇಳಿದರಂತೆ. ಪ್ರಭುಸ್ವಾಮಿ ಅವತ್ತು ಸಂಜೆಯೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಸ್ಯಾಂಡ್ ಪೇಪರ್ ತಂದರು. ಬೇರೆ ಚಿಕ್ಕ ಚಿಪ್ಪು ಇಟ್ಟಿದ್ದರೆ ನಾಗಮಣಿ ಎರಡು ಸಲ ತುಂಬಿ ಹಾಕುತ್ತಿದ್ದರು. ಅದೇ ಚಿಪ್ಪು ಇದ್ದರೆ ಕೈಗೆ ಅನುಮಾನ ಬರುವುದಿಲ್ಲ ಎನ್ನುವುದು ಅವರ ಲೆಕ್ಕಾಚಾರ.

ಜೊತೆಗೆ ಇನ್ನೂ ಕೆಲವು ಸಂಗತಿಗಳು ಸದ್ದಿಲ್ಲದೆ ಜಾಗ ಬದಲಿಸಿದವು. ಟೇಬಲ್ ಮೇಲಿನ ಉಪ್ಪು ಬೇಸಿನ್ ಹತ್ತಿರಕ್ಕೆ ಹೋಯಿತು. ಹಪ್ಪಳ ಕರಿಯುವ ಬದಲು ಕೆಂಡದ ಮೇಲೆ ಸುಡತೊಡಗಿದರು, ಅದನ್ನು ಎಲ್ಲರೂ ವಿಶೇಷವೆಂದೇ ತಿಳಿದರು. ಸಂಜೆಯ ಬೋಂಡ ವಾರಕ್ಕೊಮ್ಮೆಗೆ ಇಳಿದು, ಉಳಿದ ದಿನ ಉಸಲಿ ಬಂತು. ಡಾಲ್ಡಾ ಹೊರಗೆ ಹೋಯಿತು. ಒಗ್ಗರಣೆಗೆ ಡಬ್ಬದಿಂದ ಬಗ್ಗಿಸುವುದು ನಿಂತು ಸೌಟಿನ ಅಳತೆ ಬಂತು. ಸಾರಿಗೆ ಸೊಪ್ಪು, ಕಾಳು ಹೆಚ್ಚಾಯಿತು. ಹುಳಿ ಒಂದು ಎಳೆ ಮುಂದಿದ್ದರೆ ಉಪ್ಪಿನ ಕೊರತೆ ಮುಚ್ಚಿಹೋಗುತ್ತದೆ ಎನ್ನುವುದು ಮದುವೆ ಅಡುಗೆಯಲ್ಲಿ ಕಲಿತ ಗುಟ್ಟು. ಮೊದಲು ದಿನಕ್ಕೆ ಒಂದು ಕೇಜಿ ಉಪ್ಪು ಖರ್ಚಾಗುತ್ತಿದ್ದ ಕಡೆ ಈಗ ಆರುನೂರು ಗ್ರಾಂ. ಐದು ದಿನಕ್ಕೆ ಮುಗಿಯುತ್ತಿದ್ದ ಎಣ್ಣೆಯ ಡಬ್ಬ ಎಂಟು ದಿನ ಬರುತ್ತಿದೆ. ಪ್ರಭುಸ್ವಾಮಿ ಬೀಡಿ ಬಿಟ್ಟಿದ್ದಾರೆ. ದೇವರಾಜ ಮಾರ್ಕೆಟ್ಟಿಗೆ ಆಟೋದಲ್ಲಿ ಹೋಗುತ್ತಿದ್ದವರು ಈಗ ಚೀಲ ಹಿಡಿದು ನಡೆದೇ ಹೋಗುತ್ತಾರೆ, ಬರುವಾಗ ಮಾತ್ರ ಆಟೋ.

ತಿಂಗಳ ಮೊದಲ ಮಂಗಳವಾರ ಕುಸುಮ ಮೆಸ್ಸಿನ ಮೂಲೆಯಲ್ಲೊಂದು ಸ್ಟೂಲು ಹಾಕಿಕೊಂಡು ಬಿಪಿ ನೋಡುತ್ತಾರೆ. ನಲವತ್ತಮೂರು ಜನ ತಪ್ಪದೆ ತೋಳು ಕೊಡುತ್ತಾರೆ. ಶುರುವಿನಲ್ಲಿ ಹತ್ತೊಂಬತ್ತು ಜನರದ್ದು ನೂರನಲವತ್ತರ ಮೇಲಿತ್ತು, ಈಗ ಹತ್ತು ಜನರದ್ದಿದೆ. "ಇದೆಲ್ಲ ಉಪ್ಪಿಂದಲೇ ಅಂತ ನಾನು ಹೇಳಲ್ಲ ಸರ್. ಕೆಲವರು ಮಾತ್ರೆ ಸರಿಯಾಗಿ ತಗೊಳ್ತಿದಾರೆ, ಕೆಲವರು ಸಿಗರೇಟ್ ಬಿಟ್ಟಿದಾರೆ. ಆದ್ರೆ ಇಷ್ಟು ಜನ ಒಟ್ಟಿಗೆ ಇಳಿದಿರೋದನ್ನ ನಾನು ಬೇರೆ ಕಡೆ ನೋಡಿಲ್ಲ" ಎನ್ನುತ್ತಾರೆ ಕುಸುಮ. ಬಸವರಾಜು ಕಳೆದ ತಿಂಗಳು ನೂರಮೂವತ್ತಾರು, ಎಂಬತ್ತಾರು. ಅವರ ಮಾತ್ರೆಯ ಪಟ್ಟಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇದೆ. ಪ್ರಭುಸ್ವಾಮಿ ದಿನಾ ಬೆಳಿಗ್ಗೆ ತಿಂಡಿಯ ಜೊತೆ ಒಂದು ಮಾತ್ರೆ ಬಿಡಿಸಿ ಕೈಗೆ ಕೊಡುತ್ತಾರೆ. ಪ್ರಭುಸ್ವಾಮಿಯವರದೂ ಮಾತ್ರೆಯ ಜೊತೆಗೆ ನೂರಮೂವತ್ತೆರಡಕ್ಕೆ ಬಂದಿದೆ.

ಹೇಳದೆ ಕೇಳದೆ ಜನರ ಊಟ ಬದಲಿಸುವುದು ಸರಿಯೇ ಎಂದು ನಾನು ಕೆಣಕಿದೆ. ಅವರು, "ಹನ್ನೊಂದು ವರ್ಸ ಅಷ್ಟೊಂದು ಉಪ್ಪು ಹಾಕ್ದಾಗ ಯಾರನ್ನ ಕೇಳಿದ್ದೆ ಸಾರ್? ಬೇಕಾದವ್ರಿಗೆ ಬೇಸಿನ್ ಹತ್ರ ಬಟ್ಲು ಅದೆ, ಹಾಕೊಬೌದು" ಎಂದರು.

ಒಂಬತ್ತೂವರೆಗೆ ತಿಂಡಿಯ ಗದ್ದಲ ಇಳಿಯುತ್ತದೆ. ಮಧ್ಯಾಹ್ನದ ಮೊಳಕೆ ಹುರುಳಿಕಾಳಿನ ಸಾರು ಒಲೆಯ ಮೇಲಿದೆ. ನಾಗಮಣಿ ಹಿಂದುಗಡೆಯ ನಲ್ಲಿಯಲ್ಲಿ ಸೊಪ್ಪು ತೊಳೆಯಲು ಹೋಗಿದ್ದಾರೆ. ಚಿಪ್ಪು ಈಗ ಎಷ್ಟು ಹಿಡಿಯುತ್ತದೆ ಎಂದು ನಾನು ಕೇಳುತ್ತೇನೆ. ಪ್ರಭುಸ್ವಾಮಿ ಜಾಡಿಯಿಂದ ಒಂದು ಚಿಪ್ಪು ತುಂಬಿ, ಅಂಚಿನ ಮೇಲೆ ಬೆರಳಾಡಿಸಿ ಸಮ ಮಾಡಿ, ಮೊದಲು ಎಲ್ಲಿಯವರೆಗೆ ಬರುತ್ತಿತ್ತೆಂದು ಗಾಳಿಯಲ್ಲಿ ತೋರಿಸಿ, ಮಾತಿನ ಗುಂಗಿನಲ್ಲೇ ಅದನ್ನು ಸಾರಿಗೆ ಸುರಿದುಬಿಡುತ್ತಾರೆ. ಅಷ್ಟರಲ್ಲಿ ತರಕಾರಿಯವನು ಕೂಗುತ್ತಾನೆ. ಇಬ್ಬರೂ ಹೊರಗೆ ಹೋಗುತ್ತೇವೆ. ನಾವು ಬರುವಷ್ಟರಲ್ಲಿ ಸಾರು ಕುದಿ ಬಂದಿದೆ, ನಾಗಮಣಿ ಒಂಬತ್ತು ವರ್ಷದ ಅಭ್ಯಾಸದಂತೆ ತಮ್ಮ ಪಾಲಿನ ಚಿಪ್ಪು ಉಪ್ಪು ಹಾಕಿ ಮುಗಿಸಿದ್ದಾರೆ.

ಪ್ರಭುಸ್ವಾಮಿ ಸೌಟಿನಿಂದ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕುತ್ತಾರೆ. ನಾಗಮಣಿಯ ಕಡೆ ತಿರುಗುತ್ತಾರೆ.

"ಉಪ್ಪು ಹಾಕ್ದ್ಯಾ?"

"ದಿನಾ ನಾನ್ ತಾನೇ ಹಾಕಾದು. ಯಾಕಣ್ಣಾ, ನೀವೂ ಹಾಕ್ಬುಟ್ರಾ?"

ತಪ್ಪು ನನ್ನದೆಂದು ಹೇಳಿಕೊಳ್ಳುತ್ತೇನೆ. ಇಬ್ಬರೂ ನನ್ನ ಕಡೆ ನೋಡುವ ಪುರುಸೊತ್ತಿನಲ್ಲಿಲ್ಲ. ಬಿಸಿನೀರು ಸುರಿಯುತ್ತಾರೆ, ಬೇಯಿಸಿಟ್ಟ ಕಾಳು ಸೇರಿಸುತ್ತಾರೆ, ಖಾರ ರುಬ್ಬಿ ಹಾಕುತ್ತಾರೆ. ಪಾತ್ರೆ ಕಂಠದವರೆಗೆ ತುಂಬುತ್ತದೆ. ಪ್ರಭುಸ್ವಾಮಿ ಮತ್ತೆ ರುಚಿ ನೋಡಿ ಸೌಟು ಕೆಳಗಿಡುತ್ತಾರೆ.

"ಇನ್ನಾಗಲ್ಲ ಬುಡು. ಎರಡು ವರ್ಸದ ಹಿಂದಿನ ಸಾರು ಆಗ್ಬುಡ್ತು."

ನಾಗಮಣಿ ಸೊಪ್ಪು ಹೆಚ್ಚುತ್ತಾ, ತಲೆಯೆತ್ತದೆ ಹೇಳುತ್ತಾರೆ, "ಚಿಪ್ಪು ಉಜ್ಜಿ ಉಜ್ಜಿ ಕಷ್ಟಪಟ್ಟಿದ್ರಿ ಪಾಪ."

ಪ್ರಭುಸ್ವಾಮಿ ಅವರನ್ನೇ ನೋಡುತ್ತಾರೆ. "ನಿಂಗೆ ಗೊತ್ತಿತ್ತಾ?"

"ಒಂಬತ್ತು ವರ್ಸದಿಂದ ಕೈಲಿ ಹಿಡ್ದಿರೋ ಚಿಪ್ಪು ಕಣಣ್ಣಾ. ಮೂರನೇ ಸಲಕ್ಕೇ ಗೊತ್ತಾಯ್ತು. ನೀವು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ನಮ್ಮನೇಲೂ ಒಂದು ಉಜ್ಜಿ ಇಟ್ಕೊಂಡಿದೀನಿ, ನಮ್ಮೆಜಮಾನ್ರಿಗೂ ಬಿಪಿ ಅಲ್ವಾ."

ಇನ್ನೊಂದು ಹೊತ್ತಿನಲ್ಲಾಗಿದ್ದರೆ ಪ್ರಭುಸ್ವಾಮಿ ಈ ಮಾತಿಗೆ ಬಹಳ ಖುಷಿಪಡುತ್ತಿದ್ದರು. ಈಗ ಅವರ ಯೋಚನೆಯೆಲ್ಲ ಊಟದ ಹೊತ್ತಿನ ಮೇಲಿದೆ. ಒಂದು ದಿನದ ಉಪ್ಪಿನಿಂದ ಯಾರಿಗೂ ಏನೂ ಆಗಲಾರದು ಎಂದು ನಾನು ಸಮಾಧಾನ ಹೇಳುತ್ತೇನೆ. ಅವರು ಹೆದರುತ್ತಿರುವುದು ಅದಕ್ಕಲ್ಲ. "ಇವತ್ತು ಉಂಡು, ಆಹಾ, ಸಾರು ಅಂದ್ರೆ ಇದು ಅಂತ ಬಸವರಾಜು ಒಂದು ಮಾತು ಅಂದ್ಬುಟ್ರೆ ಮುಗೀತು ಸಾರ್. ನಾಳೆಯಿಂದ ನಮ್ದು ಸಪ್ಪೆ ಆಗೋಯ್ತದೆ. ಮತ್ತೆ ಆ ಮೆಸ್ಸಿಗೇ ಹೋಯ್ತಾನೆ. ಎಂಗೆ ತಡೀಲಿ?"

ಹನ್ನೆರಡೂವರೆಗೆ ಮೊದಲ ಪಂಕ್ತಿ ಕೂರುತ್ತದೆ. ಪ್ರಭುಸ್ವಾಮಿ ಸಾರಿನ ಬಕೆಟ್ಟನ್ನು ಇವತ್ತು ಯಾರಿಗೂ ಕೊಡದೆ ತಾವೇ ಹಿಡಿದಿದ್ದಾರೆ. ಸೇಲ್ಸಿನವರೊಬ್ಬರು ಎರಡು ತುತ್ತು ತಿಂದು ಇನ್ನೊಂದು ಮುದ್ದೆ ಹಾಕಿಸಿಕೊಳ್ಳುತ್ತಾರೆ. ಆಟೋದವರೊಬ್ಬರು ಬೇಗನೆ ಮಜ್ಜಿಗೆ ಕರೆಯುತ್ತಾರೆ. ಒಂದು ಮೂಲೆಯಿಂದ, "ಇವತ್ತು ನಾಗಮಣಕ್ಕ ಎಲ್ಲೋ ಯೋಚ್ನೆ ಮಾಡ್ತಾ ಹಾಕವ್ಳೆ" ಎಂದು ನಗು ಕೇಳುತ್ತದೆ. ಏನನ್ನು ಹಾಕಿದ್ದಾರೆಂದು ನಕ್ಕವರು ಬಿಡಿಸಿ ಹೇಳುವುದಿಲ್ಲ. ಪ್ರಭುಸ್ವಾಮಿ ಬಕೆಟ್ ಹಿಡಿದು ಅಲ್ಲೇ ಒಂದು ಗಳಿಗೆ ನಿಲ್ಲುತ್ತಾರೆ, ಕೇಳುವುದಕ್ಕೆ ಧೈರ್ಯ ಬರುವುದಿಲ್ಲ.

ಒಂದು ಗಂಟೆಗೆ ಬಸವರಾಜು ಬರುತ್ತಾರೆ. ಬಲಗಾಲು ಸ್ವಲ್ಪ ಎಳೆಯುತ್ತದೆ. ಈಗ ಮೂಟೆ ಹೊರುವುದಿಲ್ಲ, ಅದೇ ಗೋದಾಮಿನಲ್ಲಿ ಲೇಬಲ್ ಅಂಟಿಸುತ್ತಾರೆ. ಗೋಡೆಯ ಪಕ್ಕದ ತಮ್ಮ ಮಾಮೂಲಿ ಜಾಗದಲ್ಲಿ ಕೂತು, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಇನ್ನೊಂದು ತುತ್ತು. ಆಮೇಲೆ ಕೈ ನಿಲ್ಲುತ್ತದೆ. ಪ್ರಭುಸ್ವಾಮಿ ಅಡುಗೆಮನೆಯ ಬಾಗಿಲಲ್ಲಿದ್ದಾರೆ, ಅವರ ಹಿಂದೆ ನಾಗಮಣಿ, ಅವರ ಹಿಂದೆ ನಾನು.

"ಸ್ವಾಮೇರೆ, ಏನ್ ಇವತ್ತು ಸಾರು ಇಷ್ಟು ಉಪ್ಪಾಗದೆ? ಬಾಯಿಗಿಡಕ್ಕಾಗಲ್ಲ. ಒಂಚೂರು ಮಜ್ಜಿಗೆ ಕೊಡಿ, ಅದ್ರಲ್ಲೇ ಉಣ್ತೀನಿ."

ಹನ್ನೊಂದು ವರ್ಷ ಇದೇ ಉಪ್ಪಿನ ಸಾರಿಗೆ ಮೇಲಿಂದ ಇನ್ನಷ್ಟು ಉಪ್ಪು ಬೆರೆಸಿಕೊಂಡು ಉಂಡ ಮನುಷ್ಯ. ಪ್ರಭುಸ್ವಾಮಿ ಮಜ್ಜಿಗೆ ತರಲು ಒಳಗೆ ಬಂದವರು ಒಲೆಯ ಕಡೆ ಮುಖ ಮಾಡಿ ನಿಂತುಬಿಡುತ್ತಾರೆ. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಮಜ್ಜಿಗೆಯ ಚೊಂಬು ನಾಗಮಣಿಯೇ ತೆಗೆದುಕೊಂಡು ಹೋಗುತ್ತಾರೆ.

"ಬರ್ಕೊಳಿ ಸಾರ್" ಎನ್ನುತ್ತಾರೆ ಪ್ರಭುಸ್ವಾಮಿ, ನನ್ನ ಕಡೆ ತಿರುಗದೆ. "ಇನ್ನು ಗೊತ್ತಾದ್ರೂ ಚಿಂತೆ ಇಲ್ಲ. ಮೆಸ್ಸಿನ ಹೆಸ್ರು ಮಾತ್ರ ಬ್ಯಾಡ."

ಬಸವರಾಜು ಮಜ್ಜಿಗೆಯಲ್ಲಿ ಊಟ ಮುಗಿಸಿ, ಎಡಗೈಯ ಆಸರೆ ಕೊಟ್ಟು ಎದ್ದು, ಬೇಸಿನ್ ಹತ್ತಿರ ಕೈ ತೊಳೆಯುತ್ತಾರೆ. ಪಕ್ಕದಲ್ಲೇ ಇರುವ ಉಪ್ಪಿನ ಬಟ್ಟಲಿನ ಕಡೆ ಅವರ ಕಣ್ಣು ಹೋಗುವುದಿಲ್ಲ. ಬಾಗಿಲ ಹತ್ತಿರ ನಿಂತು ಅಡುಗೆಮನೆಯ ಕಡೆಗೆ ಕೂಗಿ ಹೇಳುತ್ತಾರೆ.

"ಸ್ವಾಮೇರೆ, ನಾಳೆ ನೋಡ್ಕೊಂಡು ಹಾಕಿ. ದಿನಾ ಎಷ್ಟು ಹಾಕ್ತೀರೋ ಅಷ್ಟೇ ಹಾಕಿ, ಜಾಸ್ತಿ ಬ್ಯಾಡ."

"ಆಯ್ತು ಕಣಪ್ಪ," ಎನ್ನುತ್ತಾರೆ ಪ್ರಭುಸ್ವಾಮಿ, "ಅಷ್ಟೇ ಹಾಕ್ತೀನಿ."